ಭಾವನ ಬಿಲ್ಲೆ

ಈಗ ನಾನು ಚಿತ್ತಾಪುರದ ಹತ್ತಿರ ಒಬ್ಬರ ಟ್ರ್ಯಾಕ್ಟರ್ ಓಡಿಸುತ್ತೇನೆ. ಅದರಲ್ಲಿ ಡಬ್ಬಿ ಇಲ್ಲ. ಎಷ್ಟು ಹೊತ್ತಿಗೆ ಹೊರಟೆ, ಎಲ್ಲಿ ಚಹಾಕ್ಕೆ ನಿಂತೆ, ಎಷ್ಟು ಜೋರು ಹೋದೆ ಎಂದು ಯಾರೂ ಬರೆದಿಡುವುದಿಲ್ಲ. ಇದರಿಂದ ಮನಸ್ಸು ಹಗುರಾದೀತು ಎಂದುಕೊಂಡಿದ್ದೆ, ಆಗಲಿಲ್ಲ. ಹದಿಮೂರು ವರ್ಷ ಬಲ್ಕರ್ ಓಡಿಸಿದವನು ನಾನು. ಬಲ್ಕರ್ ಎಂದರೆ ಪುಡಿ ಸಿಮೆಂಟ್ ಒಯ್ಯುವ ಟ್ಯಾಂಕಿ ಲಾರಿ. ಅದನ್ನು ಬಿಟ್ಟು ಟ್ರ್ಯಾಕ್ಟರ್ ಹತ್ತಿದ್ದು ಆನೆ ಇಳಿದು ಕತ್ತೆ ಏರಿದ ಹಾಗೆ ಎಂದು ಗೆಳೆಯರು ನಗುತ್ತಾರೆ. ನಗಲಿ. ಏಕೆ ಬಿಟ್ಟೆ ಎಂದು ಕೇಳಿದವರಿಗೆ ಬೆನ್ನುನೋವು ಎನ್ನುತ್ತೇನೆ.

ನಮ್ಮ ಮಾಲಕನ ಕಚೇರಿ ವಾಡಿಯಲ್ಲಿತ್ತು, ಗಾಡಿಗಳು ಸೇಡಂ ಕಡೆಯ ಕಾರ್ಖಾನೆಗಳಲ್ಲಿ ತುಂಬಿಕೊಳ್ಳುತ್ತಿದ್ದವು. ಪ್ರತಿ ಗಾಡಿಯ ಸ್ಟೇರಿಂಗ್ ಪಕ್ಕ ಒಂದು ಕರಿ ಡಬ್ಬಿ. ನಾವೆಲ್ಲ ಅದನ್ನು ಚಾಡಿ ಡಬ್ಬಿ ಎನ್ನುತ್ತಿದ್ದೆವು. ಒಬ್ಬೊಬ್ಬ ಡ್ರೈವರನಿಗೂ ರೂಪಾಯಿ ನಾಣ್ಯದಷ್ಟಗಲದ ಒಂದು ಬಿಲ್ಲೆ ಕೊಟ್ಟಿದ್ದರು, ಮೇಲೆ ನಂಬರು. ಗಾಡಿ ಹಿಡಿಯುವ ಮುಂಚೆ ಬಿಲ್ಲೆಯನ್ನು ಡಬ್ಬಿಗೆ ಮುಟ್ಟಿಸಬೇಕು. ಅದು ಕುಂಯ್ ಎಂದರೆ ಅಲ್ಲಿಂದ ಮುಂದಿನ ಓಟವೆಲ್ಲ ಆ ನಂಬರಿನವನದು. ಒಂದೇ ಬಿಲ್ಲೆಯ ಮೇಲೆ ಹೆಚ್ಚು ಹೊತ್ತು ಓಡಿಸಿದರೆ ಡಬ್ಬಿ ಕಿರುಚಿಕೊಳ್ಳುತ್ತದೆ, ವಾಡಿಯಲ್ಲಿ ಕುಳಿತವರಿಗೂ ಗೊತ್ತಾಗುತ್ತದೆ. ಆಗ ಇನ್ನೊಬ್ಬ ತನ್ನ ಬಿಲ್ಲೆ ಮುಟ್ಟಿಸಿ ಕೂರಬೇಕು, ಮೊದಲಿನವನು ಹಿಂದಿನ ಹಲಗೆಯ ಮೇಲೆ ಮಲಗಬೇಕು. ಅದಕ್ಕೇ ಗಾಡಿಗೆ ಇಬ್ಬರು. ಓಡಿಸುವವರು ನಾವು, ಬರೆಯುವುದು ಡಬ್ಬಿ, ಓದುವವನು ಮಾಲಕ. ನಮ್ಮ ಬಗ್ಗೆ ಬರೆದದ್ದನ್ನು ನಮಗೆ ಒಂದು ದಿನವೂ ಯಾರೂ ತೋರಿಸಲಿಲ್ಲ, ನಾವೂ ಕೇಳಲಿಲ್ಲ. ಅದರಲ್ಲೇನು ಓದುವುದು, ಓಡಿಸಿದವರು ನಾವೇ ಅಲ್ಲವೇ ಎಂದುಕೊಂಡಿದ್ದೆವು.

ನನ್ನ ಜೊತೆಗಾರ ನನ್ನ ಅಕ್ಕನ ಗಂಡ. ನನ್ನ ಬಿಲ್ಲೆ ಮೂವತ್ತೊಂದು, ಭಾವನದು ಮೂವತ್ತು. ಒಂದೇ ದಿನ ಕೆಲಸಕ್ಕೆ ಸೇರಿದವರು, ಸಾಲಿನಲ್ಲಿ ಅವನು ನನ್ನ ಮುಂದೆ ನಿಂತಿದ್ದ. ನನಗಿಂತ ಎಂಟು ವರ್ಷ ದೊಡ್ಡವನು. ಬಹುವಚನದಲ್ಲೇ ಮಾತಾಡಿಸಬೇಕಿತ್ತು, ಆದರೆ ಒಂದೇ ಕ್ಯಾಬಿನ್ನಿನಲ್ಲಿ ಉಂಡು, ಮಲಗಿ, ಜಗಳ ಆಡುವವರ ನಡುವೆ ಬಹುವಚನ ಬಹಳ ದಿನ ಬಾಳುವುದಿಲ್ಲ. ಅವನು ನನ್ನನ್ನು ‘ಅಳಿಯಾ’ ಎನ್ನುತ್ತಿದ್ದ. ನಮ್ಮ ಕಡೆ ಹೆಂಡತಿಯ ತಮ್ಮನನ್ನೂ ಹಾಗೇ ಕರೆಯುತ್ತಾರೆ.

ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯ ಹಿಂದಿನ ಓಣಿ ನಮ್ಮದು. ಎರಡು ಮನೆಗಳ ನಡುವೆ ಒಂದೇ ಗೋಡೆ. ಓಣಿಯ ಕೊನೆಗೆ ಬುದ್ಧ ವಿಹಾರ. ಭಾವ ಊರಲ್ಲಿದ್ದ ಐತಾರ ಅದು ತಪ್ಪಿದ್ದಿಲ್ಲ. ಅಲ್ಲಿ ಪಂಚಶೀಲ ಹೇಳುತ್ತಾರೆ: ಜೀವ ತೆಗೆಯುವುದಿಲ್ಲ, ಕದಿಯುವುದಿಲ್ಲ, ಕೆಟ್ಟ ನಡತೆ ಇಲ್ಲ, ಸುಳ್ಳು ಆಡುವುದಿಲ್ಲ, ಕುಡಿಯುವುದಿಲ್ಲ. ಊರಲ್ಲಿ ಇಲ್ಲದ ದಿನ ಅವನು ಗಾಡಿಯ ಮುಂದೆ ನಿಂತು ಕೈ ಜೋಡಿಸಿ ಐದನ್ನೂ ಹೇಳಿ, ಆಮೇಲೆ ಬಿಲ್ಲೆ ಮುಟ್ಟಿಸುತ್ತಿದ್ದ. ನಾನು ಅಷ್ಟರಲ್ಲಿ ಬೀಡಿ ಸೇದಿ ಮುಗಿಸುತ್ತಿದ್ದೆ. ಢಾಬಾದಲ್ಲಿ ಯಾರಾದರೂ ಅವನಿಗೆ ಗ್ಲಾಸು ಮುಂದೆ ಮಾಡಿದರೆ, “ನಂಗ ಚಹಾದ್ದೇ ನಶೆ ಭಾಳ ಆಗ್ತದ” ಎಂದು ನಗುತ್ತಿದ್ದ.

ನಮ್ಮಲ್ಲಿ ಒಂದು ರೂಢಿ ಇತ್ತು, ‘ಬಿಲ್ಲಿ ಬಿಟ್ಟು ಹೋಗೋದು.’ ಇಬ್ಬರಲ್ಲಿ ಒಬ್ಬನಿಗೆ ಮನೆಯಲ್ಲಿ ಏನಾದರೂ ಕೆಲಸ ಬಂದರೆ ದಾರಿಯಲ್ಲಿ ತನ್ನೂರಿನ ಹತ್ತಿರ ಇಳಿದು ಬಿಡುತ್ತಿದ್ದ, ಬಿಲ್ಲೆ ಮಾತ್ರ ಕ್ಯಾಬಿನ್ನಿನಲ್ಲಿ ಬಿಟ್ಟು. ಉಳಿದವನು ಎರಡೂ ಬಿಲ್ಲೆ ಸರದಿಯಂತೆ ಮುಟ್ಟಿಸುತ್ತ ಒಬ್ಬನೇ ಓಡಿಸುತ್ತಿದ್ದ. ಡಬ್ಬಿಯ ಪ್ರಕಾರ ಇಬ್ಬರೂ ಗಾಡಿಯಲ್ಲೇ. ಚಾಡಿ ಹೇಳುವವನಿಗೆ ಸುಳ್ಳು ತಿನ್ನಿಸಿದೆವು ಎಂದು ನಮಗೆ ಒಳಗೊಳಗೇ ಹೆಮ್ಮೆ. ಎಂಥ ದಡ್ಡರು ನಾವು!

ಆ ವರ್ಷದ ಎಳ್ಳಮಾವಾಸ್ಯೆಯ ದಿನ ಬೆಳಿಗ್ಗೆ ಎಂಟಕ್ಕೆ ನಾವು ಸೊಲ್ಲಾಪುರದ ಕಡೆಯಿಂದ ಖಾಲಿ ಗಾಡಿ ತಂದು ಮಳಖೇಡದ ಹತ್ತಿರ ಕಾರ್ಖಾನೆಯ ಸಾಲಿನಲ್ಲಿ ನಿಂತಿದ್ದೆವು. ಹಿಂದಿನ ಸಂಜೆಯಿಂದ ಭಾವನೇ ಓಡಿಸಿದ್ದ. ತುಂಬಿಕೊಂಡು ಚಿಂಚೋಳಿ ಮೇಲೆ ಬೀದರಕ್ಕೆ ಹೋಗುವ ಪಾಳಿ ನನ್ನದು. ನನ್ನ ಹೆಂಡತಿಯ ತವರು ಅಲ್ಲೇ ಹತ್ತಿರದ ಕುರಕುಂಟಾ, ಹಬ್ಬಕ್ಕೆ ಅವಳು ಅಲ್ಲಿಗೆ ಹೋಗಿದ್ದಳು. ಆ ದಿನ ನಮ್ಮ ಕಡೆ ಮನೆಯಲ್ಲಿ ಒಲೆಯ ಮುಂದೆ ಯಾರೂ ಉಳಿಯುವುದಿಲ್ಲ, ಎಲ್ಲರೂ ಬುತ್ತಿ ಹೊತ್ತು ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಅಲ್ಲೇ ಕುಳಿತು ಉಣ್ಣುತ್ತಾರೆ. ನನ್ನ ಫೋನು ಬಡಿದುಕೊಳ್ಳುತ್ತಲೇ ಇತ್ತು.

“ಏ ಅಳಿಯಾ, ಹೋಗೋ,” ಎಂದ ಭಾವ. “ನಿನ್ ಹೆಂಡ್ತಿ ಮುಂಜಾನಿಂದ ನಾಕ್ ಸಲ ಫೋನ್ ಹಚ್ಚ್ಯಾಳ. ಬಿಲ್ಲಿ ಅಷ್ಟೇ ಬಿಟ್ಟು ಹೋಗು.”

“ನಿಂದು ನಿದ್ದಿ ಆಗಿಲ್ಲಲ್ಲೋ ಭಾವ.”

“ಸಾಲಿನ್ಯಾಗ ನಿಂತಾಗ ಮಲಗ್ತೀನಿ. ಬೀದರ ಏನ್ ದಿಲ್ಲಿ ಅದೇನು? ಬರೂವಾಗ ನಂಗೊಂದೀಟು ಭಜ್ಜಿ ಕಟ್ಟಿಸ್ಕೊಂಡ್ ಬಾ.”

ಕಾರ್ಖಾನೆಯ ಸಾಲಿನಲ್ಲಿ ಮಲಗಿದವರನ್ನು ನಾನು ಕಂಡಿಲ್ಲ. ಐದು ನಿಮಿಷಕ್ಕೊಮ್ಮೆ ಗಾಡಿ ಮುಂದೆ ಸರಿಸಬೇಕು, ಇಲ್ಲದಿದ್ದರೆ ಹಿಂದಿನವನು ಹಾರ್ನ್ ಹೊಡೆದು ಅಪ್ಪ ಅಮ್ಮ ಇಬ್ಬರನ್ನೂ ನೆನೆಯುತ್ತಾನೆ. ಅದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನಾನೇ ನನ್ನ ಬಿಲ್ಲೆಯನ್ನು ಡಬ್ಬಿಗೆ ಮುಟ್ಟಿಸಿ, ಅವನ ಕೈಗೆ ಕೊಟ್ಟು, ಟಂಟಂ ಆಟೋ ಹತ್ತಿ ಕುರಕುಂಟಾಕ್ಕೆ ಹೋದೆ. ತೊಗರಿ ಹೊಲದಲ್ಲಿ ಕುಳಿತು ಸಜ್ಜಿ ರೊಟ್ಟಿ, ಕಾಳು ಸೊಪ್ಪು ಬೆರೆಸಿದ ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಹೊಟ್ಟೆ ಬಿರಿಯೆ ಉಂಡೆ. ಉಂಡು ಬೇವಿನ ನೆರಳಿಗೆ ಅಡ್ಡಾದೆ. ಎದ್ದು ಭಾವನಿಗೆಂದು ಭಜ್ಜಿಯ ಡಬ್ಬಿ ಕಟ್ಟಿಸಿಕೊಳ್ಳುತ್ತಿದ್ದಾಗ ಫೋನ್ ಬಂತು. ಕೊಡ್ಲಿ ಊರು ದಾಟಿದ ಮೇಲೆ ಗಾಡಿ ರಸ್ತೆ ಬಿಟ್ಟು ತಗ್ಗಿಗೆ ಉರುಳಿತ್ತು. ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಭಾವನ ಬಲಗಾಲು ಕ್ಯಾಬಿನ್ನಿನ ಕೆಳಗೆ ಸಿಕ್ಕಿಬಿದ್ದಿತ್ತು.

ಕಲಬುರಗಿಯ ಆಸ್ಪತ್ರೆಯಲ್ಲಿ ಕಾಲು ತೆಗೆಯಲು ಒಳಗೆ ಒಯ್ಯುವ ಮುಂಚೆ ಅವನು ನನ್ನ ಅಂಗಿ ಹಿಡಿದು ಬಗ್ಗಿಸಿಕೊಂಡ. ಮುಷ್ಟಿಯಲ್ಲಿ ಹಿಡಿದೇ ತಂದಿದ್ದ ನನ್ನ ಬಿಲ್ಲೆಯನ್ನು ನನ್ನ ಜೇಬಿಗೆ ಹಾಕಿದ.

“ನೀ ಕೊಡ್ಲಿತನ ಓಡ್ಸಿದಿ. ನಿನ್ ಪಾಳಿ ಮುಗೀತು, ಇಳದು ಹೋದಿ. ಅಲ್ಲಿಂದ ನಾ ಹಿಡದೆ. ತಿಳೀತಿಲ್ಲೋ?”

ನಾನು ತಲೆ ಆಡಿಸಿದೆ. ಬೇರೆ ಹೇಗೆ ಹೇಳಲಿ, ಆಡಿಸಿದೆ ಅಷ್ಟೇ. ನನ್ನ ಕೈಯಲ್ಲಿ ಭಜ್ಜಿಯ ಡಬ್ಬಿ ಇನ್ನೂ ಹಾಗೇ ಇತ್ತು. ಗಾಡಿಯೇ ಹತ್ತದೆ ಬಿಲ್ಲೆ ಬಿಟ್ಟು ಹೋದವನೆಂದು ಗೊತ್ತಾದರೆ ನನ್ನ ಕೆಲಸ ಹೋಗುವುದಷ್ಟೇ ಅಲ್ಲ, ಯಾವ ಮಾಲಕನೂ ಮತ್ತೆ ಗಾಡಿ ಕೊಡುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೊಡ್ಲಿಯಲ್ಲಿ ಅವನು ಮುಂಚೆಯೇ ಬಿಲ್ಲೆ ಬದಲಿಸಿಕೊಂಡಿರಬೇಕು, ಡಬ್ಬಿಯ ಬರಹಕ್ಕೂ ಈ ಮಾತಿಗೂ ಸರಿಹೋಗುತ್ತದೆ ಎಂದು ನಾನು ತಿಳಿದೆ. ನಿಜ ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. ಅವಳೂ ಬಾಯಿ ಹೊಲಿದುಕೊಂಡಳು.

ವಾಡಿಯ ಕಚೇರಿಯವರು ಡಬ್ಬಿಯಿಂದ ಒಂದು ಹಾಳೆ ತೆಗೆದು ನೋಡಿದರು. ಇಡೀ ದಿನದ್ದನ್ನು ನಾಲ್ಕು ಸಾಲಿಗೆ ಇಳಿಸಿದ ಹಾಳೆ ಅದು. ಮೂವತ್ತೊಂದನೇ ನಂಬರು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಓಡಿಸಿದೆ, ಮೂವತ್ತನೇ ನಂಬರು ಅಷ್ಟು ಹೊತ್ತೂ ವಿಶ್ರಾಂತಿ, ಕೊನೆಗೆ ಗಾಡಿ ಹಿಡಿದದ್ದು ಮೂವತ್ತು. ಏಳು ತಾಸು ಮಲಗಿ ಎದ್ದವನು ಗಾಡಿ ಹಿಡಿದ ಕೂಡಲೇ ಹಾಡುಹಗಲೇ ಉರುಳಿಸಿದ್ದಾನೆ, ಕುಡಿಯದೆ ಹೀಗಾಗುತ್ತದೆಯೇ ಎಂದರು. ಅವನನ್ನು ಕೆಲಸದಿಂದ ತೆಗೆದ ಕಾರಣ ಅದು. ಕಚೇರಿಯಲ್ಲಿ ಆಡಿದ ಮಾತು ಮರುದಿನವೇ ಶಹಾಬಾದ್ ಮುಟ್ಟಿತು. ಬೆಂಕಿ ಇಲ್ಲದೆ ಹೊಗೆ ಬರುತ್ತದೆಯೇ ಎಂದು ಜನ ಅಂದರು. ಬಂದಿತ್ತು, ಆದರೆ ಬೆಂಕಿ ಇದ್ದದ್ದು ನನ್ನ ಮನೆಯಲ್ಲಿ.

ಗಾಯ ಮಾಗಿ ಊರುಗೋಲು ಹಿಡಿದ ಮೇಲೆ ಮೊದಲ ಐತಾರ ಭಾವ ವಿಹಾರಕ್ಕೆ ಬಂದ. ಎಲ್ಲರ ಜೊತೆ ಪಂಚಶೀಲ ಹೇಳಲು ಶುರುಮಾಡಿದ. ಒಂದು, ಎರಡು, ಮೂರು. ಅಲ್ಲಿಗೆ ನಿಲ್ಲಿಸಿ ತಲೆ ತಗ್ಗಿಸಿದ. ನಾಲ್ಕನೆಯದು ಹೇಳಲಿಲ್ಲ, ಹಾಗಾಗಿ ಐದನೆಯದೂ ಹೇಳಲಿಲ್ಲ. ಮುಂದಿನ ಐತಾರವೂ ಹಾಗೇ. ಹಿಂದೆ ಕುಳಿತ ಹಿರಿಯರೊಬ್ಬರು ಪಕ್ಕದವರಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು: “ನೋಡು, ಐದನೇದು ಬಾಯಾಗ ಬರವಲ್ದು. ಕುಡದಾನ ಅಂದಿದ್ದು ಖರೇನೇ ಅದ.”

ಅವನು ನಿಲ್ಲುತ್ತಿದ್ದುದು ಐದಕ್ಕಲ್ಲ, ನಾಲ್ಕಕ್ಕೆ. ಸುಳ್ಳು ಆಡುವುದಿಲ್ಲ ಎಂಬ ಮಾತನ್ನು ಸುಳ್ಳು ಹೇಳುತ್ತಿರುವ ಬಾಯಿಂದ ಹೇಳಲು ಅವನಿಗೆ ಆಗುತ್ತಿರಲಿಲ್ಲ. ಅಷ್ಟು ಜನರಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ. ನಾನು ಅವನ ಪಕ್ಕದಲ್ಲಿ ಕುಳಿತು ಐದನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ. ನಾಲ್ಕನೆಯದನ್ನು ಎಲ್ಲಕ್ಕಿಂತ ಗಟ್ಟಿಯಾಗಿ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಕೆಲವು ವಾರದ ಮೇಲೆ ಅವನು ವಿಹಾರಕ್ಕೆ ಬರುವುದನ್ನೇ ಬಿಟ್ಟ.

ಅಕ್ಕ ಮಾತ್ರ ಬಿಡಲಿಲ್ಲ. ಅವಳು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಶನಿವಾರ ಶಾಲೆ ಬೇಗ ಬಿಡುತ್ತದೆ. ಪಾತ್ರೆ ತೊಳೆದಿಟ್ಟು ಪ್ಯಾಸೆಂಜರ್ ರೈಲು ಹಿಡಿದು ವಾಡಿಗೆ ಹೋಗುತ್ತಿದ್ದಳು. ನನ್ನ ಗಂಡ ಕುಡಿಯುವವನಲ್ಲ, ಆ ದಿನ ಏನಾಯಿತೆಂದು ಡಬ್ಬಿಗೆ ಗೊತ್ತಿದೆ, ನಿಮಿಷ ನಿಮಿಷದ್ದೂ ತೋರಿಸಿ ಎಂಬುದು ಅವಳ ಬೇಡಿಕೆ. ನಾನು ಕೆಲಸದ ಮೇಲೆ ಕಚೇರಿಗೆ ಹೋದಾಗ ಎರಡು ಸಲ ಅವಳು ಅಲ್ಲಿ ಕುಳಿತದ್ದನ್ನು ಕಂಡೆ. ಗುಮಾಸ್ತ ಕೆಟ್ಟವನಲ್ಲ, ನರಸತ್ತವನು.

“ಅಕ್ಕಾರ, ಬರ್ರಿ, ಕುಂದ್ರಿ, ನೀರ್ ಕುಡೀರಿ. ಆ ಕಾಗದ ಅಷ್ಟು ಕೇಳಬ್ಯಾಡ್ರಿ. ಗಾಡಿ ಮಾಲಕರ್ದು, ಡಬ್ಬಿ ಮಾಲಕರ್ದು, ಅದರಾಗ ಇದ್ದದ್ದೂ ಮಾಲಕರ್ದೇ.”

“ಗಾಡಿ ನಿಮ್ದು, ಖರೆ. ಡಬ್ಬೀನೂ ನಿಮ್ದು,” ಎಂದಳು ಅಕ್ಕ. “ಆ ದಿನ ಯಾರ್ದ್ರಿ? ಅಂವನ ದಿನ ಅಂವಗ ತೋರ್ಸಲಿಕ್ಕ ನಿಮಗೇನ್ ತ್ರಾಸು?”

ಗುಮಾಸ್ತ ಫೈಲಿನಲ್ಲಿ ಮುಖ ಹಾಕಿಕೊಂಡ. ನಾನು ಬಾಗಿಲಿನಿಂದಲೇ ತಿರುಗಿ ಹೋದೆ. ಚಿತ್ತಾಪುರದ ವಕೀಲರೊಬ್ಬರಿಂದ ಅವಳು ಎರಡು ಪತ್ರವನ್ನೂ ಬರೆಸಿದಳು, ಅವುಗಳಿಗೆ ಉತ್ತರ ಬರಲಿಲ್ಲ. ಮನೆಗೆ ಬಂದು ನನ್ನನ್ನು ಹಿಡಿದುಕೊಳ್ಳುತ್ತಿದ್ದಳು. “ತಮ್ಮಾ, ನೀ ಅಲ್ಲೇ ದುಡ್ಯಾಕತ್ತಿ. ನೀ ಒಂದ್ ಮಾತ್ ಕೇಳಿದ್ರ ಕೊಡಲ್ಲೇನು?” ಕೇಳುತ್ತೇನೆ ಎನ್ನುತ್ತಿದ್ದೆ. ಮುಂದಿನ ವಾರ ಮಾಲಕರು ಊರಲ್ಲಿಲ್ಲ ಎನ್ನುತ್ತಿದ್ದೆ, ಅದರ ಮುಂದಿನ ವಾರ ಕಂಪ್ಯೂಟರ್ ಕೆಟ್ಟಿದೆ ಎನ್ನುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಆ ಕಾಗದದ ಮಾತು ಬಂದಾಗಲೆಲ್ಲ ನನ್ನ ಕೈ ಜೇಬಿನ ಬಿಲ್ಲೆಗೆ ಹೋಗುತ್ತಿತ್ತು. ಒಳಗೆ ಕುಳಿತ ಭಾವ ಕೂಗುತ್ತಿದ್ದ: “ಬಿಡss, ಹೋದ ಕಾಲು ಕಾಗದದಾಗ ಸಿಗ್ತದೇನು?” ಗಂಡನೇ ಯಾಕೆ ಹೀಗೆ ತಡೆಯುತ್ತಾನೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಇಬ್ಬರು ಗಂಡಸರು ಸೇರಿ ಅವಳೊಬ್ಬಳನ್ನು ವಾಡಿಯ ರೈಲಿನಲ್ಲಿ ವಾರವಾರ ತಿರುಗಿಸಿದೆವು.

ಭಾವ ನನಗೆ ಒಂದು ಮಾತೂ ಅನ್ನಲಿಲ್ಲ. ಒಂದು ಸಲವಾದರೂ ಬೈದಿದ್ದರೆ ಚೆನ್ನಾಗಿತ್ತು. ನಾನು ಟ್ರಿಪ್ ಮುಗಿಸಿ ಬಂದರೆ ಕಟ್ಟೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿ ಕೊಡುತ್ತಿದ್ದ. ಗಾಡಿ ಹೇಗಿದೆ, ಕ್ಲಚ್ ಇನ್ನೂ ಜಗ್ಗುತ್ತದೆಯೇ, ಮಳಖೇಡದ ಸೇತುವೆಯ ಹತ್ತಿರ ರಸ್ತೆ ಮಾಡಿದರೇ ಎಂದು ಕೇಳುತ್ತಿದ್ದ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಮ್ಮ ಮನೆಯಲ್ಲಿ ನಾನು ಮಾಡಿದ್ದನ್ನು ಅವನು ಉಂಡ. ಮೂರನೆಯ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕುಳಿತವನು ಎದೆ ಹಿಡಿದುಕೊಂಡ. ಆಟೋದಲ್ಲಿ ನನ್ನ ತೊಡೆಯ ಮೇಲೆ ಅವನ ತಲೆ ಇತ್ತು. ಆಸ್ಪತ್ರೆ ಮುಟ್ಟಲಿಲ್ಲ. ಮಣ್ಣಿಗೆ ಬಂದವರಲ್ಲಿ ಒಬ್ಬರು, “ಚಲೋ ಮನಿಷ್ಯಾ, ಕುಡಿತ ಒಂದ್ ಇರಲಿಲ್ಲಂದ್ರ” ಎಂದರು. ನಾನು ಅಲ್ಲೇ ನಿಂತಿದ್ದೆ. ಆಗಲೂ ಸುಮ್ಮನಿದ್ದೆ.

ಮುಂದಿನ ತಿಂಗಳು ಅಕ್ಕ ಮತ್ತೆ ವಾಡಿಗೆ ಹೋದಳು. “ಅವ್ರೇ ಹೋದ್ರಲ್ಲ ಅಕ್ಕಾರ, ಇನ್ನ ಯಾಕ ಬೇಕ್ರಿ?” ಎಂದು ಗುಮಾಸ್ತ ಕೇಳಿದನಂತೆ. “ಅಂವ ಹೋದ. ಅಂವನ ದಿನ ಇನ್ನೂ ನಿಮ್ ಕಡೇನೇ ಅದಲ್ರಿ” ಎಂದಳಂತೆ. ಅವನು ಎದ್ದು ಬಾಗಿಲು ಮುಂದೆ ಮಾಡಿ, ಮಷಿನ್ ಚಾಲೂ ಮಾಡಿ ಹನ್ನೊಂದು ಹಾಳೆ ತೆಗೆದುಕೊಟ್ಟನಂತೆ. ಅವನನ್ನು ನಾನು ನರಸತ್ತವನು ಎಂದೆ. ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಅವಳು ಸೀದಾ ನನ್ನ ಮನೆಗೆ ಬಂದು ಹಾಳೆಗಳನ್ನು ನನ್ನ ಮುಂದೆ ಇಟ್ಟಳು. “ಇಂಗ್ಲೀಷ್ ಅದ, ನಂಬರ್ ಅವ. ನಂಗ ತಿಳ್ಯಾಕತ್ತಿಲ್ಲ. ನೀ ಓದಿ ಹೇಳು” ಎಂದು ಎದುರಿಗೆ ಕುಳಿತಳು.

ಓದಿದೆ. ಬೆಳಿಗ್ಗೆ ಎಂಟಕ್ಕೆ ನನ್ನ ನಂಬರು. ಆಮೇಲೆ ಪುಟಗಟ್ಟಲೆ ಸಾಲಿನಲ್ಲಿ ನಿಂತದ್ದು: ನಾಲ್ಕು ನಿಮಿಷ ನಿಂತ, ಹತ್ತು ಮಾರು ಸರಿದ, ಐದು ನಿಮಿಷ ನಿಂತ, ಮತ್ತೆ ಸರಿದ. ಮಧ್ಯಾಹ್ನ ಹನ್ನೆರಡರ ತನಕ ಅವನು ಕಣ್ಣು ಮುಚ್ಚಿಲ್ಲ ಎಂದು ಪ್ರತಿಯೊಂದು ಸಾಲೂ ಹೇಳುತ್ತಿತ್ತು. ಆಮೇಲೆ ಸೇಡಂ, ಆಮೇಲೆ ಕೊಡ್ಲಿ. ಕೊಡ್ಲಿಯಲ್ಲಿ ಗಾಡಿ ನಿಂತೇ ಇಲ್ಲ. ಬಿಲ್ಲೆ ಬದಲಾಗಿಲ್ಲ. ನಾನು ಹಿಂದಿನ ಹಾಳೆ, ಮುಂದಿನ ಹಾಳೆ ತಿರುವಿ ನೋಡಿದೆ. ಕೊನೆಯ ಹಾಳೆಯಲ್ಲಿ ಮೂರು ಹನ್ನೆರಡಕ್ಕೆ ವೇಗ ಸೊನ್ನೆ, ಇಂಜಿನ್ ಬಂದ್, ಗಾಡಿ ಅಡ್ಡಬಿದ್ದಿದೆ ಎಂಬ ಗುರುತು. ಅಲ್ಲಿಯ ತನಕ ಮೂವತ್ತೊಂದು. ಗಾಡಿ ಸತ್ತರೂ ಡಬ್ಬಿ ಸಾಯುವುದಿಲ್ಲ, ಅದಕ್ಕೆ ಒಳಗೇ ಬ್ಯಾಟರಿ ಇದೆ. ಮೂರು ಹತ್ತೊಂಬತ್ತಕ್ಕೆ, ಉರುಳಿಬಿದ್ದ ಗಾಡಿಯಲ್ಲಿ, ಮೂವತ್ತನೇ ನಂಬರಿನ ಬಿಲ್ಲೆ ಮುಟ್ಟಿಸಿದ್ದು ಇತ್ತು.

ಕಾಲು ಕಬ್ಬಿಣದ ಕೆಳಗೆ ಸಿಕ್ಕಿಕೊಂಡು ಬಿದ್ದವನು ಏಳು ನಿಮಿಷ ಅದನ್ನು ಮಾಡಿದ್ದ. ಜೇಬಿನಿಂದ ತನ್ನ ಬಿಲ್ಲೆ ಹುಡುಕಿ ತೆಗೆದು, ಕೈ ಎಟುಕಿಸಿ ಡಬ್ಬಿಗೆ ಮುಟ್ಟಿಸಿದ್ದ. ಓಡಿಸಿದವನು ನಾನಲ್ಲ ತಾನು ಎಂದು ಬರೆಸುವುದಕ್ಕೆ. ಅದು ನಿಜವೂ ಹೌದು, ಸುಳ್ಳೂ ಹೌದು. ಆಸ್ಪತ್ರೆಯಲ್ಲಿ ನನ್ನ ಅಂಗಿ ಹಿಡಿದಾಗಲೂ, ಆಮೇಲೆ ಮೂರು ವರ್ಷ ಒಂದೇ ಕಟ್ಟೆಯ ಮೇಲೆ ಕುಳಿತಾಗಲೂ ಇದನ್ನು ನನಗೆ ಹೇಳಲಿಲ್ಲ.

“ಏನದ?” ಎಂದಳು ಅಕ್ಕ. “ಯಾಕ ಅಳಾಕತ್ತಿ?”

ಹೇಳಿದೆ. ಬಿಲ್ಲೆ ಬಿಟ್ಟು ಹೋದದ್ದು, ಕುರಕುಂಟಾದ ಹೊಲ, ಬೇವಿನ ನೆರಳು, ಆಸ್ಪತ್ರೆಯ ಮಾತು, ನಾಲ್ಕನೆಯದಕ್ಕೆ ನಿಲ್ಲುತ್ತಿದ್ದುದು, ಎಲ್ಲ ಹೇಳಿದೆ. ಒಳಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಅಕ್ಕ ನನ್ನನ್ನು ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೊನೆಯ ಹಾಳೆ ತೆಗೆದುಕೊಂಡು, ಆ ಎರಡು ಸಾಲು ಯಾವುವು ತೋರಿಸು ಎಂದು ಬೆರಳಿಡಿಸಿಕೊಂಡು ನೋಡಿದಳು.

“ಏಳು ನಿಮಿಷ,” ಎಂದಳು. “ನಂಗ ಫೋನ್ ಹಚ್ಚಿದ್ದಿಲ್ಲ ಅಂವ. ಫೋನ್ ಒಡದಿರಬೇಕು ಅಂದ್ಕೊಂಡಿದ್ದೆ. ಆಸ್ಪತ್ರ್ಯಾಗ ಚೀಲ ಕೊಟ್ರು ನೋಡು, ಅದರಾಗ ಫೋನ್ ಛಲೋನೇ ಇತ್ತು. ಒಂದ್ ಗೀರು ಇದ್ದಿಲ್ಲ. ಯಾಕ ಹಚ್ಚಲಿಲ್ಲ, ಯಾಕ ಹಚ್ಚಲಿಲ್ಲ ಅಂತ ಮೂರ್ ವರ್ಷ ನಾ ಕೇಳಬೇಕು ಅಂತಿದ್ದೆ. ಕೇಳಲಿಲ್ಲ.”

ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡಳು. “ಐತಾರ ವಿಹಾರಕ್ಕ ಬಾ. ಎಲ್ಲಾರ ಮುಂದ ಹೇಳು.”

ಹೋದೆ. ಪಂಚಶೀಲ ಶುರುವಾಯಿತು. ಮೂರನೆಯದರ ತನಕ ಎಲ್ಲರ ಜೊತೆ ಹೇಳಿದೆ, ಮುಂದೆ ನನ್ನಿಂದಾಗಲಿಲ್ಲ. ಹಿಂದೆ ಪಿಸುಗುಟ್ಟಿದ್ದ ಆ ಹಿರಿಯರು ತಿರುಗಿ ನನ್ನ ಮುಖ ನೋಡಿದರು. ಎಲ್ಲ ಮುಗಿದ ಮೇಲೆ ಎದ್ದು ನಿಂತು, ಹಾಳೆಗಳನ್ನು ಹಿಡಿದು, ಮೊದಲಿನಿಂದ ಕೊನೆಯ ತನಕ ಹೇಳಿದೆ. ಹಿರಿಯರು ಎದ್ದು ಬಂದು ಅಕ್ಕನ ಮುಂದೆ ಕೈ ಮುಗಿದರು. ಅವಳು ತಿರುಗಿ ಮುಗಿಯಲಿಲ್ಲ, ಅವರ ಕೈ ಬಿಡಿಸಲೂ ಇಲ್ಲ. ಸೋಮವಾರ ನಾನು ವಾಡಿಗೆ ಹೋಗಿ ಬಿಲ್ಲೆಯನ್ನು ಮೇಜಿನ ಮೇಲೆ ಇಟ್ಟು ಬಂದೆ. ಕಾಗದ ಎಲ್ಲಿಂದ ಬಂತೆಂದು ಮಾಲಕ ಕೇಳಿದ. ಡಬ್ಬಿಯಿಂದ ಎಂದೆ.

ಆ ಐತಾರ ವಿಹಾರದಿಂದ ಮನೆಗೆ ಬಂದಾಗ ಅಕ್ಕ ಕಟ್ಟೆಯ ಮೇಲೆ, ಭಾವ ಕೂರುತ್ತಿದ್ದ ಜಾಗದಲ್ಲಿ ಕುಳಿತು ಹಾಳೆಗಳನ್ನು ನನ್ನ ಕೈಯಿಂದ ಇಸಿದುಕೊಂಡಳು. ಕೊನೆಯದೊಂದನ್ನು ಬೇರೆ ಮಾಡಿ ನಾಲ್ಕು ಮಡಿಕೆ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಉಳಿದವನ್ನು ನನ್ನ ಕಡೆ ಚಾಚಿದಳು.

“ಇದು ಅಂವಂದು. ಅವು ನಿನ್ವು, ನೀ ಇಟಗೋ.”

ಹತ್ತು ಹಾಳೆ. ನನ್ನ ಟ್ರಂಕಿನಲ್ಲಿವೆ. ಎಲ್ಲದರ ಮೇಲೂ ನನ್ನ ನಂಬರು ಇದೆ, ಒಂದರಲ್ಲೂ ನಾನಿಲ್ಲ.